ಗಾಜು ಉಲ್ಟಾ ವಾಲಿದ ಮೊಂಡು ಮೂತಿ ಲಾರಿ

ಹೋದ ಭಾನುವಾರ ಗೆಳೆಯನ ಟ್ರ್ಯಾಕ್ಟರ್ ಟ್ರೇಲರ್‌ಗೆ ಒಂದು ಹಳೆ ಆಕ್ಸಲ್ ಹುಡುಕಿಕೊಂಡು ಕೌಲ್ ಬಜಾರ್ ಕಡೆಯ ಗುಜರಿಗೆ ಹೋಗಿದ್ದೆ. ಬಳ್ಳಾರಿಯಲ್ಲಿ ಹಳೆ ಲಾರಿ ಸಾಮಾನಿಗೆ ಬರ ಅನ್ನೋದೇ ಇಲ್ಲ. ಗಣಿ ಜೋರಾಗಿದ್ದಾಗ ಹಗಲೂ ರಾತ್ರಿ ಓಡಿದ ಟಿಪ್ಪರ್‌ಗಳು 2011ರಲ್ಲಿ ಸುಪ್ರೀಂ ಕೋರ್ಟು ಗಣಿಗಾರಿಕೆ ನಿಲ್ಲಿಸಿದ ಮೇಲೆ ಒಂದೊಂದಾಗಿ ಇಂಥ ಜಾಗಕ್ಕೇ ಬಂದು ಬಿದ್ದವು. ಆದರೆ ಅವತ್ತು ಕಣ್ಣಿಗೆ ಬಿದ್ದದ್ದು ಬೇರೆಯೇ ಒಂದು ಗಾಡಿ. ಮೂಲೆಯ ಬಳ್ಳಾರಿ ಜಾಲಿ ಕೆಳಗೆ ಒಂದು ಖಾಲಿ ಕ್ಯಾಬಿನ್ನು, ಅದರ ಹಿಂದೆ ಅರ್ಧ ಮಣ್ಣಲ್ಲಿ ಹೂತ ಚಾಸಿಸ್. ಮೂತಿ ಇದೆಯೋ ಇಲ್ಲವೋ ಅನ್ನುವಷ್ಟು ಮೊಂಡು. ಮುಂದಿನ ಗಾಜಿನ ಚೌಕಟ್ಟಂತೂ ವಿಚಿತ್ರ. ಬೇರೆ ಗಾಡಿಗಳಲ್ಲಿ ಗಾಜು ಮೇಲಕ್ಕೆ ಹೋದಂತೆ ಹಿಂದಕ್ಕೆ ವಾಲುತ್ತದಲ್ವಾ, ಇದರಲ್ಲಿ ಮೇಲಿನ ಅಂಚೇ ಮುಂದಕ್ಕೆ ಚಾಚಿಕೊಂಡಿದೆ, ಹಣೆ ಮುಂದೆ ಮಾಡಿ ಗುದ್ದಲು ನಿಂತ ಟಗರಿನ ಹಾಗೆ.

"ಆಕ್ಸಿಡೆಂಟಾಗಿ ಬಗ್ಗೈತಣ್ಣ ಅದು" ಅಂದ ಗುಜರಿ ಹುಡುಗ.

ನಂಗೆ ನಗು ಬಂತು. ಬಗ್ಗಿಲ್ಲ ಕಣೋ, ಹಂಗೇ ಮಾಡಿ ಕಳಿಸಿದ್ದು, ಕೆನಡಾದಿಂದ ಅಂದೆ. ಅವನು ನನ್ನ ಮುಖ ನೋಡಿ ಚಹಾ ತರಲು ಹೋದ.

ಈ ಗಾಡಿ ಬಗ್ಗೆ ನಾನು ಮೊದಲು ಕೇಳಿದ್ದು ನಮ್ಮ ತಾತನ ಬಾಯಲ್ಲಿ. ಎರಡನೇ ಮಹಾಯುದ್ಧದಲ್ಲಿ ತಾತ ಬ್ರಿಟಿಷ್ ಇಂಡಿಯಾ ಸೈನ್ಯದಲ್ಲಿ ಡ್ರೈವರ್. ದಿಮಾಪುರದಿಂದ ಕೊಹಿಮಾ ದಾಟಿ ಇಂಫಾಲ್‌ವರೆಗೆ, 200 ಕಿಲೋಮೀಟರ್ ಮೇಲಾಗುವ ಆ ಘಾಟಿ ರಸ್ತೆಯಲ್ಲಿ ಅಕ್ಕಿ, ಪೆಟ್ರೋಲು, ಗುಂಡು ಸಾಗಿಸುವ ಕೆಲಸ. ಅವರು ಯುದ್ಧದ ಬಗ್ಗೆ ಜಾಸ್ತಿ ಮಾತಾಡುತ್ತಿರಲಿಲ್ಲ. ಲಾರಿ ಬಗ್ಗೆ ಮಾತ್ರ ಊಟ ತಣ್ಣಗಾದರೂ ನಿಲ್ಲಿಸುತ್ತಿರಲಿಲ್ಲ. "ಮೊಂಡು ಮೂತಿ ಕೆನಡಾ ಗಾಡಿ" ಅಂತಲೇ ಕರೆಯುತ್ತಿದ್ದರು. ಕೆನಡಾ ಅನ್ನೋದು ಒಂದು ದೇಶ ಅಂತ ನಂಗೆ ಗೊತ್ತಾಗಿದ್ದು ಹೈಸ್ಕೂಲಿನಲ್ಲಿ. ಅಲ್ಲೀವರೆಗೆ ಟಾಟಾ, ಲೇಲ್ಯಾಂಡ್ ಇದ್ದಂಗೆ ಕೆನಡಾನೂ ಒಂದು ಕಂಪನಿ ಅಂದುಕೊಂಡಿದ್ದೆ. ಈಗ ನಮ್ಮದು ಲಾರಿ ಸ್ಪೇರ್ ಪಾರ್ಟ್ಸ್ ಅಂಗಡಿ, ಮಧ್ಯಾಹ್ನ ಗಿರಾಕಿ ಇಲ್ಲದಾಗ ಕೂತು ಈ ಗಾಡಿಗಳ ಬಗ್ಗೆ ಓದಿ ಓದಿ ತಲೆಗೆ ಹತ್ತಿಸಿಕೊಂಡಿದ್ದೇನೆ. ಇಷ್ಟು ದಿನ ಮನೆಯವರಿಗೆ ಹೇಳಿ ಬೈಸಿಕೊಂಡೆ, ಇವತ್ತು ನಿಮಗೆ.

ಮೊದಲನೇ ಮಹಾಯುದ್ಧಕ್ಕೆ ಹೊರಟಾಗ ಕೆನಡಾ ಸೈನ್ಯದ ಸಾಮಾನು ಎಳೆಯುತ್ತಿದ್ದದ್ದು ಹೆಚ್ಚಾಗಿ ಕುದುರೆ. ಮೋಟಾರು ಅಂದರೆ ದೊಡ್ಡಸ್ತಿಕೆ. ಅಂಥದರಲ್ಲಿ 1914ರಲ್ಲೇ ರೇಮಂಡ್ ಬ್ರೂಟಿನೆಲ್ ಅನ್ನುವವನು ಟ್ರಕ್ಕಿಗೆ ಉಕ್ಕಿನ ತಗಡು ಹೊಡೆದು ಮೆಷಿನ್ ಗನ್ ಇಟ್ಟುಕೊಂಡು ಹೋಗೋಣ ಅಂದ. ಹುಟ್ಟಿದ್ದು ಫ್ರಾನ್ಸಿನಲ್ಲಿ, ಕೆನಡಾಕ್ಕೆ ಬಂದು ದುಡ್ಡು ಮಾಡಿದ್ದವನು. ಅಮೆರಿಕದ ಪೆನ್ಸಿಲ್ವೇನಿಯಾದ ಆಟೋಕಾರ್ ಕಂಪನಿಯಿಂದ 20 ಟ್ರಕ್ಕು ತರಿಸಿದರು, ಅದರಲ್ಲಿ 8ಕ್ಕೆ ಸುತ್ತ ತಗಡಿನ ಗೋಡೆ, ಮೇಲೆ ಸೂರಿಲ್ಲ. ಫ್ರಾನ್ಸಿನ ಕಂದಕಗಳ ಕೆಸರಿನಲ್ಲಿ ಬಹಳ ದಿನ ಇವಕ್ಕೆ ಕೆಲಸವೇ ಇರಲಿಲ್ಲ. 1918ರ ಮಾರ್ಚಿನಲ್ಲಿ ಜರ್ಮನರು ಒಮ್ಮೆಲೇ ನುಗ್ಗಿ ಬ್ರಿಟಿಷ್ ಸಾಲು ಹರಿದಾಗ ನೋಡಿ, ಈ ಗಾಡಿಗಳು ಒಂದು ಕಡೆಯಿಂದ ಇನ್ನೊಂದು ಕಡೆ ಓಡಿ ಓಡಿ ಹರಿದ ಕಡೆಯೆಲ್ಲ ತೇಪೆ ಹಾಕಿದವು. ಅವುಗಳಲ್ಲಿ ಒಂದು ಇವತ್ತೂ ಒಟ್ಟಾವಾದ ಯುದ್ಧ ಮ್ಯೂಸಿಯಮ್ಮಿನಲ್ಲಿದೆ.

ಯುದ್ಧ ಮುಗೀತು, ಸರ್ಕಾರಗಳು ಕೈ ಬಿಗಿ ಹಿಡಿದವು, ಕುದುರೆಗಳು ಮತ್ತೆ ಲಾಯಕ್ಕೆ. ಇಪ್ಪತ್ತು ವರ್ಷ ಹೇಳುವಂಥದ್ದು ಏನೂ ಇಲ್ಲ, ಮುಂದಕ್ಕೆ ಹೋಗೋಣ.

1930ರ ದಶಕದ ಕೊನೆಗೆ ಯುರೋಪಿನಲ್ಲಿ ಹೊಗೆ ಏಳುತ್ತಿತ್ತು. ಕೆನಡಾದವರು ಎರಡು ಕಂಪನಿಗಳನ್ನು ಕರೆದರು. ಒಂದು ಫೋರ್ಡ್, ಇನ್ನೊಂದು ಜನರಲ್ ಮೋಟಾರ್ಸ್. ಇವೆರಡರ ಜಾತಕವೂ ಮಜಾ ಇದೆ. ಫೋರ್ಡ್ ಕೆನಡಾ ಶುರುವಾದದ್ದು 1904ರಲ್ಲಿ, ವಿಂಡ್ಸರ್ ಊರಿನ ಪಕ್ಕದ ವಾಕರ್‌ವಿಲ್‌ನಲ್ಲಿ. ಆಚೆ ದಡದಲ್ಲಿ ಅಮೆರಿಕದ ಡೆಟ್ರಾಯಿಟ್, ಈಚೆ ದಡದಲ್ಲಿ ವಿಂಡ್ಸರ್, ನಡುವೆ ಒಂದು ಹೊಳೆ. ಕಂಪ್ಲಿಯಲ್ಲಿ ಹೊಳೆ ದಾಟಿ ಆಚೆ ದಡ ಸೇರಿದ ಹಾಗೆ ಅಂದುಕೊಳ್ಳಿ. ಹೊಳೆ ದಾಟಿದರೆ ಸಾಕು, ಗಾಡಿ ಬ್ರಿಟಿಷ್ ಸಾಮ್ರಾಜ್ಯದ ಸರಕು ಆಗುತ್ತಿತ್ತು, ಸುಂಕ ಕಮ್ಮಿ. ಹಾಗಾಗಿ ಬ್ರಿಟನ್ ಒಂದನ್ನು ಬಿಟ್ಟು ಸಾಮ್ರಾಜ್ಯದ ಬಹುತೇಕ ಮಾರುಕಟ್ಟೆ ಫೋರ್ಡ್ ಕೆನಡಾದ ಪಾಲಿಗೆ ಬಂತು. ಆಸ್ಟ್ರೇಲಿಯಾ, ದಕ್ಷಿಣ ಆಫ್ರಿಕಾ, ನಮ್ಮ ಇಂಡಿಯಾ ಎಲ್ಲ. ಆ ಕಾಲದ ಮುಂಬಯಿ, ಮದ್ರಾಸಿನ ಫೋರ್ಡ್‌ಗಳ ತವರುಮನೆ ಅಮೆರಿಕವಲ್ಲ, ಕೆನಡಾ. ಜನರಲ್ ಮೋಟಾರ್ಸ್ ಕೆನಡಾದ ಬೇರು ಆಶಾವಾ ಊರಿನ ಮೆಕ್‌ಲಾಕ್ಲಿನ್ ಮನೆತನದ್ದು. ಅವರ ಮೂಲ ಕಸುಬು ಕುದುರೆ ಸಾರೋಟು ಮಾಡುವುದು. ಬಡಿಗರ ಕುಲುಮೆ ಲಾರಿ ಕಾರ್ಖಾನೆ ಆಯಿತು.

ಈ ಇಬ್ಬರೂ ಪೇಟೆಯಲ್ಲಿ ಹಾವು ಮುಂಗುಸಿ. ಅವರಿಬ್ಬರನ್ನೂ ಕೂರಿಸಿ, ಬ್ರಿಟಿಷ್ ಸೈನ್ಯದ ಅಳತೆಗೆ ತಕ್ಕಂತೆ ಒಂದೇ ನಮೂನೆ ಗಾಡಿ ಮಾಡಿ ಅಂದರು. ಎಂಜಿನ್ನು, ಆಕ್ಸಲ್ಲು ನಿಮ್ಮ ನಿಮ್ಮದು ಹಾಕಿಕೊಳ್ಳಿ, ಕ್ಯಾಬಿನ್ನು, ಚಕ್ರ, ಹಿಂದಿನ ಬಾಡಿ ಎಲ್ಲ ಒಂದೇ ತರ ಇರಬೇಕು. ಅದಕ್ಕೇ ಹೆಸರು ಕೆನೇಡಿಯನ್ ಮಿಲಿಟರಿ ಪ್ಯಾಟರ್ನ್, ಚಿಕ್ಕದಾಗಿ ಸಿ.ಎಂ.ಪಿ. ನಂಗೆ ಈ ಇಡೀ ಕತೆಯಲ್ಲಿ ಅತಿ ಇಷ್ಟವಾದದ್ದು ಇದೇ. ಯಾಕೆ ಅಂದರೆ ಇದರ ಉಲ್ಟಾ ಕತೆಯನ್ನು ನಾನು ಅಂಗಡಿಯಲ್ಲಿ ಕೂತು ನೋಡಿದ್ದೇನೆ. ಗಣಿ ಕಾಲದಲ್ಲಿ ಒಬ್ಬ ಮಾಲೀಕರು ಸಿಕ್ಕ ಸಿಕ್ಕ ಕಂಪನಿಯ ಟಿಪ್ಪರ್ ತಂದು ನಿಲ್ಲಿಸಿದ್ದರು, ಎಲ್ಲಿ ಸಾಲ ಬೇಗ ಸಿಕ್ಕಿತೋ ಆ ಕಂಪನಿಯದು. ಒಂದರ ಕ್ಲಚ್ ಪ್ಲೇಟು ಇನ್ನೊಂದಕ್ಕೆ ಕೂರದು, ಒಂದರ ಕಮಾನ್ ಪಟ್ಟಿ ಇನ್ನೊಂದಕ್ಕೆ ಬಾರದು. ಐದು ಗಾಡಿ ಓಡಿದರೆ ಐದು ಗಾಡಿ ಶೆಡ್ಡಿನಲ್ಲಿ. ನಂಗೆ ವ್ಯಾಪಾರ ಆಯ್ತು, ಅದು ಬೇರೆ ಮಾತು.

ಅಂಕಿ ಲೆಕ್ಕ ಕೇಳಿ. ಗಾಡಿ ಹೆಸರಲ್ಲೇ ಲೋಡು ಬರೆದಿರುತ್ತಿತ್ತು. ಎಫ್ ಅಂದರೆ ಫೋರ್ಡ್, ಸಿ ಅಂದರೆ ಶೆವ್ರೊಲೆ, ಜನರಲ್ ಮೋಟಾರ್ಸಿನವರ ಗಾಡಿ. ಪಕ್ಕದ ನಂಬರು ಎಷ್ಟು ಹಂಡ್ರೆಡ್‌ವೇಟ್ ಹೊರುತ್ತದೆ ಅನ್ನುವುದು. ಒಂದು ಹಂಡ್ರೆಡ್‌ವೇಟ್ ಅಂದರೆ 112 ಪೌಂಡು, ಹೆಚ್ಚು ಕಮ್ಮಿ ನಮ್ಮ 50 ಕೆಜಿ. ಅಂದರೆ ಗಂಗಾವತಿ ಅಕ್ಕಿಯ ಒಂದು ಚೀಲ! ಎಫ್ 15 ಅಂದರೆ 15 ಚೀಲದ ಗಾಡಿ, ಸಿ 30 ಅಂದರೆ 30 ಚೀಲ, ಸಿ 60 ಅಂದರೆ 60 ಚೀಲ, ಮೂರು ಟನ್ನು. ಪುಸ್ತಕದ ಲೆಕ್ಕ ಇದು. ದಿಮಾಪುರದಲ್ಲಿ ಇದರ ಮೇಲೆ ಎಷ್ಟು ಏರಿಸುತ್ತಿದ್ದರು ಅಂತ ತಾತನನ್ನು ಕೇಳಿದರೆ "ಗಾಡಿ ಅಳೋವರೆಗೆ" ಅನ್ನುತ್ತಿದ್ದರು. ಇದಲ್ಲದೆ 25 ಪೌಂಡರ್ ತೋಪು ಎಳೆಯುವ ಗಾಡಿ ಬೇರೆ, ಆಂಬುಲೆನ್ಸು ಬೇರೆ, ವೈರ್‌ಲೆಸ್ ಗಾಡಿ, ನೀರಿನ ಟ್ಯಾಂಕರ್ರು, ರಿಪೇರಿ ವರ್ಕ್‌ಶಾಪು ಗಾಡಿ. ಮುಖ ಎಲ್ಲಕ್ಕೂ ಅದೇ.

ಮೂತಿ ಯಾಕೆ ಮೊಂಡು? ಜಾಗ ಉಳಿಸಲು. ಬಾನೆಟ್ಟು ಉದ್ದ ಇದ್ದಷ್ಟೂ ಹಡಗಿನಲ್ಲಿ ಜಾಗ ತಿನ್ನುತ್ತದೆ, ರಸ್ತೆಯಲ್ಲೂ ಸಾಲು ಉದ್ದ ಆಗುತ್ತದೆ. ಮೂತಿ ಒತ್ತಿದರೆ ಅಷ್ಟೇ ಉದ್ದದ ಗಾಡಿಯಲ್ಲಿ ಲೋಡಿಗೆ ಹೆಚ್ಚು ಜಾಗ. ಹಾಗಾದರೆ ಎಂಜಿನ್ನು ಎಲ್ಲಿಗೆ ಹೋಗಬೇಕು? ಕ್ಯಾಬಿನ್ನಿನ ಒಳಕ್ಕೆ, ಡ್ರೈವರ್‌ಗೂ ಕ್ಲೀನರ್‌ಗೂ ನಡುವೆ. ಫೋರ್ಡಿನದು 95 ಕುದುರೆ ಶಕ್ತಿಯ ವಿ-8, ಶೆವ್ರೊಲೆಯದು 85 ಕುದುರೆ ಶಕ್ತಿಯ ಆರು ಸಿಲಿಂಡರ್. ಎರಡೂ ಪೆಟ್ರೋಲು. ತಾತ ಓಡಿಸಿದ್ದು ಫೋರ್ಡು. ಎಡಗಾಲು ಬೆಂದು ಹೋಗುತ್ತಿತ್ತಂತೆ. ಸ್ಟೀರಿಂಗು ಬಲಕ್ಕೆ, ಎಂಜಿನ್ನು ಎಡ ಮಗ್ಗುಲಿಗೆ, ಇನ್ನೇನಾಗುತ್ತದೆ. ಪೆಡಲ್‌ಗಳ ಜಾಗ ಎಷ್ಟು ಇಕ್ಕಟ್ಟು ಅಂದರೆ ಬೂಟು ಹಾಕಿಕೊಂಡರೆ ಕ್ಲಚ್ಚು ಬ್ರೇಕು ಎರಡೂ ಒಟ್ಟಿಗೆ ಒತ್ತಿ ಹೋಗುತ್ತಿದ್ದವು ಅಂತ ಅವರ ದೂರು. ಒಂದು ಸುಖ ಮಾತ್ರ ಇತ್ತು. ಎಂಜಿನ್ ಮುಚ್ಚಳದ ಮೇಲೆ ಬುತ್ತಿ ಇಟ್ಟರೆ ಮಧ್ಯಾಹ್ನದವರೆಗೂ ರೊಟ್ಟಿ ಬಿಸಿ ಬಿಸಿ.

ಮಾಡಿದವರಿಗೂ ಈ ತೊಂದರೆ ಗೊತ್ತಿತ್ತು. ಮೊದಲ ಎರಡು ನಮೂನೆ ಕ್ಯಾಬಿನ್ನಿಗೆ 11, 12 ಅಂತ ನಂಬರು. 11ರಲ್ಲಿ ಎಂಜಿನ್ನಿಗೆ ಕೈ ಹಾಕುವುದೇ ಕಷ್ಟ. 12ರಲ್ಲಿ ಬಾನೆಟ್ಟು ಮೊಸಳೆ ಬಾಯಿ ಹಾಗೆ ಮೇಲಕ್ಕೆ ತೆರೆಯುವಂತೆ ಮಾಡಿದರು. 1941ರ ಕೊನೆಗೆ ಬಂದದ್ದು 13ನೇ ನಂಬರಿನ ಕ್ಯಾಬಿನ್ನು, ಕಾಲಿಗೆ ಒಂದಿಷ್ಟು ಜಾಸ್ತಿ ಜಾಗ. ಗುಜರಿಯಲ್ಲಿ ನಾನು ನೋಡಿದ್ದು ಅದೇ. ಅದರ ಗಾಜು ಉಲ್ಟಾ ವಾಲಿರುವುದಕ್ಕೆ ಕಾರಣ ಇದೆ. ಗಾಜು ನೆಲದ ಕಡೆ ಮುಖ ಮಾಡಿದರೆ ಬಿಸಿಲು ಬಿದ್ದು ಆಕಾಶಕ್ಕೆ ಮಿಂಚುವುದಿಲ್ಲ, ಮೇಲೆ ಹಾರುವ ವಿಮಾನದವನಿಗೆ ಗಾಡಿ ಸಾಲು ಎಲ್ಲಿದೆ ಅಂತ ಗೊತ್ತಾಗುವುದಿಲ್ಲ. ಡ್ರೈವರ್ ಕಣ್ಣಿಗೂ ಝಳ ಕಮ್ಮಿ. ಮರಳುಗಾಡಿನಲ್ಲಿ ಒಂದು ಗಾಜು ಮಿಂಚಿದರೆ ಎಷ್ಟು ದೂರ ಕಾಣುತ್ತದೆ ಅನ್ನೋದನ್ನು ಬಳ್ಳಾರಿಯವರಿಗೆ ಹೇಳಿಕೊಡಬೇಕಿಲ್ಲ. ಏಪ್ರಿಲ್ ಮಧ್ಯಾಹ್ನ ಸಂಡೂರು ರಸ್ತೆಯಲ್ಲಿ ಎದುರು ಬರುವ ಲಾರಿ ಮೊದಲು ಬರೀ ಒಂದು ಬೆಳಕಿನ ಚುಕ್ಕೆ.

ಚಕ್ರದ ವಿಷಯ ಹೇಳದಿದ್ದರೆ ನಮ್ಮ ಪಂಕ್ಚರ್ ಅಂಗಡಿಯವರು ಬೇಜಾರು ಮಾಡಿಕೊಳ್ಳುತ್ತಾರೆ. ಈಗಿನ ಲಾರಿಯಲ್ಲಿ ಲಾಕ್ ರಿಂಗು ಇರುವಂತೆ ಆ ಕಾಲದ ಮಿಲಿಟರಿ ಗಾಡಿಯಲ್ಲಿ ಡಿಸ್ಕೇ ಎರಡು ಹೋಳು, ಸುತ್ತ ನಟ್ಟು ಹಾಕಿ ಬಿಗಿದದ್ದು. ಗಾಡಿಯಿಂದ ಚಕ್ರ ಬಿಚ್ಚುವ ನಟ್ಟು ಬೇರೆ, ಎರಡು ಹೋಳು ಹಿಡಿದಿರುವ ನಟ್ಟು ಬೇರೆ. ಗಾಳಿ ತೆಗೆಯದೆ ಎರಡನೆಯದನ್ನು ಬಿಚ್ಚಿದರೆ ಡಿಸ್ಕು ತೋಪಿನ ಗುಂಡಿನ ಹಾಗೆ ಎದ್ದು ಬರುತ್ತದೆ. ಅದಕ್ಕೇ ಆ ನಟ್ಟುಗಳಿಗೆ ಕೆಂಪು ಬಣ್ಣ ಬಳಿಯುತ್ತಿದ್ದರು. ತಾತನ ಜೊತೆಗಿದ್ದ ಹೊಸ ಹುಡುಗನೊಬ್ಬ ಮಳೆಯಲ್ಲಿ, ಕೆಸರು ಮೆತ್ತಿದ ಚಕ್ರದಲ್ಲಿ ಕೆಂಪು ಯಾವುದು ಅಂತ ನೋಡದೆ ಪಾನಾ ಹಾಕಿದ. ಅಷ್ಟು ಹೇಳಿ ತಾತ ಎಲೆ ಅಡಿಕೆ ಚೀಲ ಹುಡುಕಲು ಶುರು ಮಾಡುತ್ತಿದ್ದರು. ಮುಂದೆ ಕೇಳಬಾರದು ಅಂತ ನಮಗೆ ಗೊತ್ತಿತ್ತು.

ಇಷ್ಟೆಲ್ಲ ಗಾಡಿ ಒಮ್ಮೆಲೇ ಬೇಕಾಗಿದ್ದು 1940ರಲ್ಲಿ. ಫ್ರಾನ್ಸಿನ ಡನ್‌ಕರ್ಕ್‌ನಿಂದ ಬ್ರಿಟಿಷ್ ಸೈನಿಕರು ಜೀವ ಉಳಿಸಿಕೊಂಡು ದೋಣಿ ಹತ್ತಿ ಬಂದರು, ಆದರೆ ಸುಮಾರು 64 ಸಾವಿರ ಗಾಡಿಗಳನ್ನು ಅಲ್ಲೇ ಬಿಟ್ಟು ಬಂದರು. ಸೈನ್ಯ ಇದೆ, ಕಾಲಿಲ್ಲ. ಆಗ ಆರ್ಡರು ಹೋಗಿದ್ದು ಕೆನಡಾಕ್ಕೆ. ಸರಂಜಾಮು ಮಂತ್ರಿ ಸಿ.ಡಿ. ಹೋವ್ ಹಠಮಾರಿ ಮನುಷ್ಯ. 1942ರ ಹೊತ್ತಿಗೆ ಕೆನಡಾದಲ್ಲಿ ಜನರಿಗೆ ಕಾರು ಮಾಡುವುದನ್ನೇ ನಿಲ್ಲಿಸಿ ಇಡೀ ಕಾರ್ಖಾನೆಗಳನ್ನು ಯುದ್ಧದ ಗಾಡಿಗೆ ತಿರುಗಿಸಿದರು. ಯುದ್ಧ ಮುಗಿಯುವಷ್ಟರಲ್ಲಿ ಆ ದೇಶ ಮಾಡಿದ ಮಿಲಿಟರಿ ಗಾಡಿಗಳು 8 ಲಕ್ಷದ ಮೇಲೆ, ಅದರಲ್ಲಿ 4 ಲಕ್ಷಕ್ಕೂ ಜಾಸ್ತಿ ಈ ಮೊಂಡು ಮೂತಿಯವು. ಆಗ ಕೆನಡಾದ ಜನಸಂಖ್ಯೆ ಎಷ್ಟು? ಒಂದು ಕೋಟಿ ಹದಿನೈದು ಲಕ್ಷದ ಆಸುಪಾಸು. ಹದಿನಾಲ್ಕು ಜನಕ್ಕೆ ಒಂದು ಗಾಡಿ ಬಿತ್ತಲ್ವಾ! ಮಕ್ಕಳು ಮುದುಕರೂ ಸೇರಿ. ಕೆನಡಾ ಸೈನ್ಯಕ್ಕೆ ಬೇಕಾದದ್ದು ಇದರಲ್ಲಿ ಒಂದು ಪಾಲು ಮಾತ್ರ. ಉಳಿದದ್ದು ಬ್ರಿಟನ್ನಿಗೆ, ಆಸ್ಟ್ರೇಲಿಯಾಕ್ಕೆ, ರಷ್ಯಾಕ್ಕೆ, ಇಂಡಿಯಾಕ್ಕೆ.

ಪೂರ್ತಿ ಜೋಡಿಸಿದ ಗಾಡಿ ಹಡಗಿನಲ್ಲಿ ಹಾಕಿದರೆ ಗಾಳಿಗೇ ಬಾಡಿಗೆ ಕೊಟ್ಟ ಹಾಗೆ. ಹಾಗಾಗಿ ಬಿಚ್ಚಿ ಮರದ ಪೆಟ್ಟಿಗೆಯಲ್ಲಿ ತುಂಬಿ ಕಳಿಸುತ್ತಿದ್ದರು. ಇಲ್ಲಿ ಬಂದ ಮೇಲೆ ಜೋಡಿಸುವುದು. ಮುಂಬಯಿಯಲ್ಲಿ ಫೋರ್ಡು, ಜನರಲ್ ಮೋಟಾರ್ಸು ಎರಡಕ್ಕೂ ಮೊದಲೇ ಜೋಡಿಸುವ ಕಾರ್ಖಾನೆ ಇದ್ದವು, ಅದು ಕೂಡಿ ಬಂತು. ನಮ್ಮವರು ಇನ್ನೊಂದು ಹೆಜ್ಜೆ ಮುಂದೆ ಹೋದರು. ಫೋರ್ಡ್ ಕೆನಡಾದ ಚಾಸಿಸ್ ತೆಗೆದುಕೊಂಡು, ಟಾಟಾದವರ ಉಕ್ಕಿನ ತಗಡು ತಂದು, ರೈಲ್ವೆ ವರ್ಕ್‌ಶಾಪುಗಳಲ್ಲಿ ಕವಚ ಕಟ್ಟಿ, ಇಂಡಿಯನ್ ಪ್ಯಾಟರ್ನ್ ಕ್ಯಾರಿಯರ್ ಅಂತ ಸಾವಿರಾರು ಗಾಡಿ ಮಾಡಿದರು. ರೈಲು ಡಬ್ಬಿ ರಿಪೇರಿ ಮಾಡುವ ಕೈಗಳು ಯುದ್ಧದ ಗಾಡಿ ಕಟ್ಟಿದವು. ಆಫ್ರಿಕಾ, ಇಟಲಿ, ಬರ್ಮಾ ಎಲ್ಲ ಕಡೆ ಓಡಿದವು.

ನನ್ನ ಲೆಕ್ಕದಲ್ಲಿ ಇದರ ನಿಜವಾದ ಪರೀಕ್ಷೆ ಯುದ್ಧ ಮುಗಿದ ಮೇಲೆ. ಉಳಿದ ಗಾಡಿಗಳನ್ನು ಸರ್ಕಾರ ಹರಾಜಿಗೆ ಹಾಕಿತು. ಡಿಸ್ಪೋಸಲ್ ಗಾಡಿ ಅಂದರೆ ನಮ್ಮ ಕಡೆ ಹಿರಿಯರಿಗೆ ಇವತ್ತೂ ಅರ್ಥ ಆಗುತ್ತದೆ. ತಾತ ಸೈನ್ಯದಿಂದ ಬಂದಾಗ ಬಳ್ಳಾರಿ ಇನ್ನೂ ಮದ್ರಾಸ್ ಪ್ರಾಂತ್ಯ. ಊರಿನ ಹತ್ತಿ ಸಾವುಕಾರರೊಬ್ಬರು ಒಂದು ಡಿಸ್ಪೋಸಲ್ ಫೋರ್ಡು ತಂದಿದ್ದರು, ಓಡಿಸುವವರಿಲ್ಲ. ತಾತ ಹೋಗಿ ನೋಡಿದರೆ ಅದೇ ಮುಖ! ಹ್ಯಾಂಡಲ್ ಹೊಡೆದು ಸ್ಟಾರ್ಟ್ ಮಾಡಿ ಅಂಗಳದಲ್ಲೇ ಒಂದು ಸುತ್ತು ಹಾಕಿದರಂತೆ, ಸಾವುಕಾರರು ಅವತ್ತೇ ಕೀಲಿ ಕೈಗೆ ಕೊಟ್ಟರು. ಆದೋನಿಯಿಂದ ಹತ್ತಿ, ಗುಂತಕಲ್ ಕಡೆಯಿಂದ ಶೇಂಗಾ, ತುಂಗಭದ್ರಾ ಡ್ಯಾಮು ಕಟ್ಟುವಾಗ ಹೊಸಪೇಟೆಗೆ ಸಾಮಾನು. ಮಳೆಗಾಲದಲ್ಲಿ ಸಿರುಗುಪ್ಪ ಕಡೆಯ ಎರೆ ಮಣ್ಣಿನಲ್ಲಿ ಬೇರೆ ಲಾರಿ ಹೂತು ನಿಂತರೆ ಇವರು ಮುಂದಿನ ಆಕ್ಸಲ್ಲಿನ ಲಿವರ್ ಹಾಕಿ, ನಾಲ್ಕೂ ಚಕ್ರ ಕಚ್ಚಿಸಿ ಹೊರಗೆ ಬರುತ್ತಿದ್ದರು. ಎರೆ ಮಣ್ಣು ಅಂದರೆ ಏನು ಅಂತ ಗೊತ್ತಿದ್ದವರಿಗೆ ಇದು ದೊಡ್ಡ ಮಾತು.

1950ರ ದಶಕದ ನಡುವೆ ಫೋರ್ಡು, ಜನರಲ್ ಮೋಟಾರ್ಸು ಎರಡೂ ಇಂಡಿಯಾದಿಂದ ಗಂಟು ಕಟ್ಟಿದವು. ಆಮೇಲೆ ಕಂಪನಿ ಸಾಮಾನು ಎಲ್ಲಿಂದ ಬರಬೇಕು? ಒಂದೇ ನಮೂನೆ ಅನ್ನೋದು ಅಲ್ಲಿ ಕೈ ಹಿಡಿಯಿತು. ಒಂದು ಗಾಡಿ ಸತ್ತರೆ ಅದರ ಸಾಮಾನಿನಲ್ಲಿ ನಾಲ್ಕು ಗಾಡಿ ಬದುಕುತ್ತಿದ್ದವು. ಬಾಗಿಲು, ಚಕ್ರ, ಸೀಟು ಶೆವ್ರೊಲೆದಾದರೂ ಫೋರ್ಡಿಗೆ ಕೂರುತ್ತಿತ್ತು. ಪೆಟ್ರೋಲು ಕುಡಿಯೋದು ತಾಳಲಾರದೆ ಸಾವುಕಾರರು ವಿ-8 ಕಿತ್ತು ಪರ್ಕಿನ್ಸ್ ಡೀಸೆಲ್ ಎಂಜಿನ್ ಕೂರಿಸಿದರು. ತಾತನಿಗೆ ಅದು ಸೇರಲಿಲ್ಲ. "ಗಾಡಿ ದನಿ ಹೋಯ್ತು" ಅಂತ ವಾರ ಪೂರ್ತಿ ಮುನಿಸು. ಬರ್ಮಾದಲ್ಲಂತೂ ಈ ಶೆವ್ರೊಲೆಗಳಿಗೆ ಮರದ ಬಾಡಿ ಕಟ್ಟಿ ಬಸ್ಸು ಮಾಡಿ ರಂಗೂನ್ ಬೀದಿಗಳಲ್ಲಿ 2000ದ ಈಚೆಗೂ ಓಡಿಸಿದರು.

ಇನ್ನು ಕೆನಡಾದವರು ಮುಂದೆ ಏನು ಮಾಡಿದರು? ನಿಜ ಹೇಳಬೇಕು ಅಂದರೆ, ಅಷ್ಟು ಚೆಂದ ಏನೂ ಇಲ್ಲ. 1950ರ ದಶಕದಲ್ಲಿ ಬ್ರಿಟಿಷ್ ಅಳತೆ ಬಿಟ್ಟು ಅಮೆರಿಕದ ನಮೂನೆಗಳನ್ನೇ ತಮ್ಮ ಕಾರ್ಖಾನೆಯಲ್ಲಿ ಮಾಡಿಕೊಂಡರು. ಫೋರ್ಡ್ ಕೆನಡಾದಿಂದ ಎಂ 38 ಜೀಪು, ಕ್ರೈಸ್ಲರ್‌ನಿಂದ ಎಂ 37 ಡಾಡ್ಜ್, ಜನರಲ್ ಮೋಟಾರ್ಸಿನಿಂದ ಎರಡೂವರೆ ಟನ್ನಿನ ಎಂ 135. ಈ ಕೊನೆಯದರಲ್ಲಿ ಆಗಲೇ ಆಟೋಮ್ಯಾಟಿಕ್ ಗೇರು! ನಮ್ಮಲ್ಲಿ ಇವತ್ತೂ ಲಾರಿಗೆ ಆಟೋಮ್ಯಾಟಿಕ್ ಅಂದರೆ ಡ್ರೈವರ್‌ಗಳು ನಗುತ್ತಾರೆ. 1980ರ ದಶಕದಲ್ಲಿ ಬೊಂಬಾರ್ಡಿಯರ್ ಕಂಪನಿ ಫೋಕ್ಸ್‌ವ್ಯಾಗನ್ನಿನ ಇಲ್ಟಿಸ್ ಅನ್ನುವ ಪುಟ್ಟ ಜೀಪು ಮಾಡಿ ಕೊಟ್ಟಿತು. ಕ್ಯಾನ್ವಾಸ್ ಹೊದಿಕೆ, ಕವಚ ಇಲ್ಲ. ಅದನ್ನೇ ಅಫ್ಘಾನಿಸ್ತಾನಕ್ಕೂ ಒಯ್ದರು. 2003ರ ಅಕ್ಟೋಬರಿನಲ್ಲಿ ಕಾಬೂಲ್ ಹತ್ತಿರ ನೆಲಬಾಂಬಿಗೆ ಸಿಕ್ಕಿ ಇಬ್ಬರು ಸೈನಿಕರು ಸತ್ತರು, ನಾಲ್ಕು ತಿಂಗಳೊಳಗೆ ಆತ್ಮಾಹುತಿ ದಾಳಿಯಲ್ಲಿ ಇನ್ನೊಬ್ಬ. ಊರಲ್ಲಿ ಗಲಾಟೆ ಎದ್ದಿತು, ಆಮೇಲೆ ಮರ್ಸಿಡಿಸ್ ಜಿ ವ್ಯಾಗನ್ ಬಂದವು.

1990ರ ದಶಕದಲ್ಲಿ ಬಂದ ಇನ್ನೊಂದು ಗಾಡಿ ಬಗ್ಗೆ ಓದಿದಾಗ ಮಾತ್ರ ಒಬ್ಬನೇ ಕೂತು ನಕ್ಕೆ. ಇಟಲಿಯ ಇವೆಕೊ ನಮೂನೆಯನ್ನು ಕೆಲೋನಾ ಊರಿನ ವೆಸ್ಟರ್ನ್ ಸ್ಟಾರ್ ಕಂಪನಿ ಮಾಡಿದ ಸಣ್ಣ ಟ್ರಕ್ಕು, ಹೆಸರು ಎಲ್.ಎಸ್.ವಿ.ಡಬ್ಲ್ಯೂ. ಅದರ ಬ್ರೇಕಿನ ಕಿರುಚಾಟ ಕೆನಡಾ ಸೈನ್ಯದಲ್ಲಿ ದಂತಕತೆ. ಗಾಜು ಮಿಂಚಬಾರದು ಅಂತ ಉಲ್ಟಾ ವಾಲಿಸಿದವರ ಮೊಮ್ಮಕ್ಕಳು, ಬ್ರೇಕು ಹಾಕಿದರೆ ಶತ್ರುವಿಗೆ ಕೇಳುವ ಗಾಡಿ ಓಡಿಸಿದರು ನೋಡಿ.

ಚಹಾ ಬಂತು. ಗುಜರಿ ಭಾಯ್ ಬಂದರು. ನಾನು ಕ್ಯಾಬಿನ್ನಿನ ಒಳಗೆ ಕೈ ಹಾಕಿ ಮಣ್ಣು ಒರೆಸುತ್ತಿದ್ದೆ. ಎಂಜಿನ್ ಇದ್ದ ಜಾಗದ ಪಕ್ಕ ಹಿತ್ತಾಳೆಯ ಸಣ್ಣ ಪಟ್ಟಿ, ಎರಡು ರಿವೆಟ್ಟು ಹೋಗಿವೆ, ಎರಡು ಉಳಿದಿವೆ. ಅಕ್ಷರ ಸವೆದರೂ ಫೋರ್ಡ್, ಕೆನಡಾ ಅನ್ನೋದು ಓದಲು ಬಂತು. ಬೆರಳಾಡಿಸಿದೆ. ಭಾಯ್ ನನ್ನನ್ನೇ ನೋಡುತ್ತಿದ್ದರು.

"ಕ್ಯಾಬಿನ್ ಬುಧವಾರ ಕಟಿಂಗಿಗೆ ಹೊಕ್ಕೈತಿ. ಬೇಕಂದ್ರ ಈಗ್ಲೇ ಹೇಳ್ರಿ."

ಇಡೀ ಕ್ಯಾಬಿನ್ನು ತಂದರೆ ನನ್ನನ್ನು ಮನೆಯಿಂದ ಹೊರಗೆ ಹಾಕುತ್ತಾರೆ. ಪಟ್ಟಿ ಕೊಡಿ ಭಾಯ್ ಅಂದೆ. ಕಬ್ಬಿಣದ ರೇಟು ಅಲ್ಲ, ಹಿತ್ತಾಳೆ ರೇಟು ಅಂದರು. ತೂಕ ಹಾಕಲು ತಕ್ಕಡಿಯೇ ಅಲುಗಲಿಲ್ಲ, ಕೊನೆಗೆ ನೂರು ರೂಪಾಯಿಗೆ ಮಾತಾಯಿತು. ಆಕ್ಸಲ್ಲನ್ನೂ ಅದೇ ಚಾಸಿಸ್ಸಿನಿಂದ ಬಿಚ್ಚಿಸಿದೆವು, ಹಬ್ಬು ಇನ್ನೂ ಗಟ್ಟಿ ಇತ್ತು, ಬೇರಿಂಗು ಹಾಕಿದರೆ ಸಾಕು. ಮುಂದಿನ ತಿಂಗಳು ಸಿರುಗುಪ್ಪದಲ್ಲಿ ಭತ್ತದ ಕೊಯ್ಲು. ಗೆಳೆಯನ ಟ್ರೇಲರ್ ಅದರ ಮೇಲೇ ಹೋಗುತ್ತದೆ. ಎಷ್ಟು ಚೀಲ ಹಾಕಬಹುದು ಅಂತ ಅವನು ಕೇಳಿದ. ಗಾಡಿ ಅಳೋವರೆಗೆ ಅಂದೆ.